ಒಲೆ ಮುಂದೆ ಕೇಳಿದ ವಿಕ್ರಾಂತ್ ಕಥೆ

ಚಾಮರಾಜಪೇಟೆಯ ನಮ್ಮ ವಠಾರದ ಹಿತ್ತಲಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಬಚ್ಚಲುಮನೆ ಇತ್ತು. ಗೋಡೆಗೆ ಹುದುಗಿಸಿದ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಧನುರ್ಮಾಸ ಬಂತೆಂದರೆ ನಸುಕಿನ ಪೂಜೆಗೆ ಹೋಗುವವರ ಸ್ನಾನಕ್ಕಾಗಿ ನಾಲ್ಕು ಗಂಟೆಗೇ ಉರಿ ಹಾಕಬೇಕು. ತೆಂಗಿನ ಕರಟ, ಸೋಗೆ, ಡಿಪೋದಿಂದ ತಂದ ಸೌದೆ. ಚಳಿಗೆ ಮುದುರಿಕೊಂಡು ನಾವು ಮಕ್ಕಳೆಲ್ಲ ಆ ಒಲೆ ಮುಂದೆ ಕೂರುತ್ತಿದ್ದೆವು. 1972ರ ಡಿಸೆಂಬರಿನಲ್ಲಿ ರಜೆಗೆ ಬಂದಿದ್ದ ನನ್ನ ಸೋದರಮಾವ, ಉರಿ ನೋಡಿಕೊಳ್ಳುವ ಕೆಲಸ ತನಗಿರಲಿ ಎಂದು ಕೇಳಿ ಪಡೆದ. ಅಲ್ಲೇ ಕೂತು, ಹಿಂದಿನ ವರ್ಷದ ಯುದ್ಧದಲ್ಲಿ ತಾನು ಕಂಡದ್ದನ್ನು ಹೇಳಿದ.

ಮಾವ ನೌಕಾಪಡೆಯಲ್ಲಿದ್ದ. ಕೆಂಪಾಂಬುಧಿ ಕೆರೆಗಿಂತ ದೊಡ್ಡ ನೀರು ನೋಡಿರದ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ, ಕೊಚ್ಚಿಯಲ್ಲಿ ವಿಮಾನದ ಮೆಕ್ಯಾನಿಕ್ ತರಬೇತಿ ಪಡೆದು, ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಸೇರಿದ್ದ. ಸೀ ಹಾಕ್ ಯುದ್ಧವಿಮಾನಗಳಿದ್ದ 300ನೇ ಸ್ಕ್ವಾಡ್ರನ್ ಅವನದು. ಅದಕ್ಕೆ ವೈಟ್ ಟೈಗರ್ಸ್ ಎಂದು ಹೆಸರು. ಸೀ ಹಾಕ್ ಒಬ್ಬನೇ ಪೈಲಟ್ ಕೂರುವ, ಒಂದೇ ಜೆಟ್ ಎಂಜಿನ್ನಿನ ವಿಮಾನ. ಮೂತಿಯಲ್ಲಿ ನಾಲ್ಕು ಫಿರಂಗಿ, ಮಡಿಸಿಡಬಹುದಾದ ರೆಕ್ಕೆ, ಬಾಲದ ಕೆಳಗೆ ಒಂದು ಉಕ್ಕಿನ ಕೊಕ್ಕೆ. ಆ ಕೊಕ್ಕೆಯ ಬಗ್ಗೆ ಮಾವ ಎಷ್ಟು ಹೇಳಿದರೂ ಅವನಿಗೆ ತೃಪ್ತಿಯಿಲ್ಲ.

ಆ ಯುದ್ಧವನ್ನು ನಮ್ಮ ವಠಾರ ಕಂಡದ್ದು ರೇಡಿಯೊದಲ್ಲಿ. ಫ್ಲೀಟ್ ಮೇಲ್ ಆಫೀಸಿನ ವಿಳಾಸದಿಂದ ತಪ್ಪದೆ ಬರುತ್ತಿದ್ದ ಮಾವನ ಇನ್‌ಲ್ಯಾಂಡ್ ಪತ್ರಗಳು 1971ರ ನವೆಂಬರಿನಲ್ಲಿ ನಿಂತುಹೋದವು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ಪಶ್ಚಿಮದ ವಿಮಾನ ನೆಲೆಗಳ ಮೇಲೆ ಬಾಂಬು ಹಾಕಿತು. ಅಂದು ನಡುರಾತ್ರಿ ದಾಟಿದ ಮೇಲೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾತಾಡಿದರು. ರೇಡಿಯೊ ಇದ್ದ ಮನೆಯ ಜಗಲಿಯಲ್ಲಿ ವಠಾರವೆಲ್ಲ ಕಂಬಳಿ ಹೊದ್ದು ಕೂತಿತ್ತು. ನಮ್ಮಜ್ಜಿಗೆ ಅರ್ಥವಾದದ್ದು ಒಂದೇ: ಮಗ ಎಲ್ಲಿದ್ದಾನೋ ಗೊತ್ತಿಲ್ಲ. 1965ರ ಯುದ್ಧದಲ್ಲಿ ವಿಕ್ರಾಂತನ್ನು ಮುಳುಗಿಸಿಬಿಟ್ಟೆವು ಎಂದು ಪಾಕಿಸ್ತಾನ ಸಾರಿಕೊಂಡಿತ್ತು. ಆಗ ಹಡಗು ಮುಂಬಯಿಯಲ್ಲಿ ರಿಪೇರಿಗೆ ನಿಂತಿತ್ತು. ಆ ಸುದ್ದಿ ಸುಳ್ಳೆಂದು ತಿಳಿಯುವ ತನಕ ಅಜ್ಜಿ ಪಟ್ಟ ಪಾಡು ಮನೆಯವರಿಗೆಲ್ಲ ನೆನಪಿತ್ತು. ಈ ಸಲ ಆಕೆ ಯಾರ ಸುದ್ದಿಯನ್ನೂ ನಂಬಲಿಲ್ಲ. ದಿನವೂ ದೊಡ್ಡ ಗಣಪತಿ ಗುಡಿಗೆ ನಡೆದು ಹೋಗಿ ಬರುತ್ತಿದ್ದಳು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಗಿ, ಗಾಂಧಿಬಜಾರಿನಲ್ಲಿ ಜನ ಸಿಹಿ ಹಂಚಿದಾಗಲೂ ಅಜ್ಜಿ ಬಾಯಿಗೆ ಹಾಕಿಕೊಳ್ಳಲಿಲ್ಲ. "ಕ್ಷೇಮವಾಗಿದ್ದೇನೆ" ಎಂಬ ಒಂದು ಸಾಲಿನ ಪತ್ರ ಬಂದ ಮೇಲೆಯೇ ಆಕೆ ತಿಂದದ್ದು.

"ಅಲ್ವೋ, ಅಷ್ಟು ದಿನ ಎಲ್ಲಿದ್ರೋ ನೀವು?" ಎಂದು ಅಮ್ಮ ಕೇಳಿದಳು, ಒಲೆಗೆ ಕರಟ ತಳ್ಳುತ್ತ.

"ಅಂಡಮಾನಿನ ಹತ್ತಿರ ಬಚ್ಚಿಟ್ಟುಕೊಂಡಿದ್ವಿ ಅಕ್ಕಾ. ನಮ್ಮನ್ನ ಹುಡುಕಿಕೊಂಡು ಘಾಜಿ ಬಂದಿತ್ತಲ್ಲ."

ವಿಕ್ರಾಂತನ್ನು ಮುಳುಗಿಸುವುದಕ್ಕೆಂದೇ ಪಾಕಿಸ್ತಾನದ ಜಲಾಂತರ್ಗಾಮಿ ಪಿಎನ್‌ಎಸ್ ಘಾಜಿ ಕರಾಚಿಯಿಂದ ಹೊರಟು ಬಂಗಾಳಕೊಲ್ಲಿಗೆ ಬಂದಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಒಂದು ತಂತ್ರ ಹೂಡಿದರು. ವಿಕ್ರಾಂತ್ ಇನ್ನೂ ವಿಶಾಖಪಟ್ಟಣದ ಆಸುಪಾಸಿನಲ್ಲೇ ಇದೆಯೆಂದು ಶತ್ರು ನಂಬುವಂತೆ ಐಎನ್‌ಎಸ್ ರಜಪೂತ್ ಎಂಬ ಹಳೆಯ ಹಡಗಿನಿಂದ ಸಂದೇಶಗಳನ್ನು ಕಳಿಸಿದರು. ನಿಜವಾದ ವಿಕ್ರಾಂತ್ ಅಂಡಮಾನ್ ದ್ವೀಪಗಳ ಮರೆಯಲ್ಲಿ ಸದ್ದಿಲ್ಲದೆ ಕಾದಿತ್ತು. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಹೊರಗೆ ಘಾಜಿ ತನ್ನೆಲ್ಲ ನಾವಿಕರೊಂದಿಗೆ ಮುಳುಗಿತು. ಮಾವನ ಪತ್ರಗಳು ನಿಂತಿದ್ದೂ ಈ ಗುಟ್ಟಿನಿಂದಲೇ. ಇಷ್ಟು ಕೇಳಿ ಅಜ್ಜಿ, ಒಂದು ವರ್ಷದ ಮೇಲೆ, "ಸರಿ ಬಿಡು" ಎಂದಳು.

ಹಡಗಿನ ಒಳಗಿನ ಕಷ್ಟವನ್ನು ಮಾವ ಇನ್ನೂ ವಿವರವಾಗಿ ಹೇಳಿದ. ವಿಕ್ರಾಂತ್ ಬ್ರಿಟಿಷರು ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಲು ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದ ಹರ್ಕ್ಯುಲಿಸ್ ಎಂಬ ಹಡಗು. 1957ರಲ್ಲಿ ಭಾರತ ಅದನ್ನು ಕೊಂಡು, ಬೆಲ್‌ಫಾಸ್ಟಿನಲ್ಲಿ ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಸೇವೆಗೆ ಸೇರಿಸಿತು. ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಅದನ್ನು ಬಿಟ್ಟು ಉಳಿದ ಮೂರರಲ್ಲೇ ಓಡಬೇಕು, ಅವುಗಳ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಇಪ್ಪತ್ತನಾಲ್ಕು ನಾಟ್ ಓಡಬೇಕಾದ ಹಡಗು ಹದಿನಾರರ ಆಸುಪಾಸಿಗೆ ಇಳಿಯಿತು. ಇಂಥ ಹಡಗನ್ನು ಯುದ್ಧಕ್ಕೆ ಕಳಿಸಬೇಕೇ ಎಂಬ ಚರ್ಚೆಯೇ ಆಗಿತ್ತು. ಎಂಜಿನಿಯರುಗಳು ಬಾಯ್ಲರುಗಳಿಗೆ ಉಕ್ಕಿನ ಪಟ್ಟಿ ಬಿಗಿದು, ಹಡಗನ್ನು ಸಮುದ್ರಕ್ಕೆ ಒಯ್ದು ಪರೀಕ್ಷೆ ಮಾಡಿ, ಆಗುತ್ತದೆ ಎಂದು ತೋರಿಸಿಕೊಟ್ಟರು.

"ವೇಗ ಕಡಿಮೆಯಾದರೆ ಏನಂತೆ? ನಿಧಾನಕ್ಕೆ ಹೋದರಾಯಿತು," ಎಂದು ನಾನು ಕೇಳಿದ್ದೆ.

ಮಾವ ಒಲೆಯಿಂದ ಇದ್ದಿಲು ತೆಗೆದು ನೆಲದ ಮೇಲೆ ಹಡಗು ಬರೆದ. ವಿಮಾನ ಮೇಲೇಳಬೇಕಾದರೆ ಎದುರುಗಾಳಿ ಬೇಕು. ಹಡಗು ಗಾಳಿಗೆ ಎದುರಾಗಿ ಓಡಿದರೆ, ಬೀಸುವ ಗಾಳಿಗೆ ಹಡಗಿನ ವೇಗವೂ ಕೂಡಿ ಡೆಕ್ಕಿನ ಮೇಲೆ ಬೇಕಾದಷ್ಟು ಗಾಳಿಯಾಗುತ್ತದೆ. ಬಂಗಾಳಕೊಲ್ಲಿಯಲ್ಲಿ ಡಿಸೆಂಬರಿನಲ್ಲಿ ಗಾಳಿ ಕಡಿಮೆ, ಹಡಗಿನ ಓಟವೂ ಕಡಿಮೆ. ಉಳಿದದ್ದನ್ನೆಲ್ಲ ಉಗಿಯಿಂದ ನಡೆಯುವ ಕೆಟಪಲ್ಟ್ ತುಂಬಿಕೊಡಬೇಕು. ವಿಮಾನದ ಹೊಟ್ಟೆಗೆ ಉಕ್ಕಿನ ಹಗ್ಗ ಸಿಕ್ಕಿಸಿ, ಕೆಟಪಲ್ಟಿನ ಕೊಂಡಿಗೆ ಹಾಕಿ, ಉಗಿಯ ಒತ್ತಡದಿಂದ ಡೆಕ್ಕಿನ ತುದಿಯ ಆಚೆಗೆ ಎಸೆಯುವುದು ಅದರ ಕೆಲಸ. ಆ ಉಗಿ ಬರುವುದೂ ಅದೇ ಬಾಯ್ಲರುಗಳಿಂದ. ಕೆಳಗೆ ಬಾಯ್ಲರು ಕೋಣೆಯ ಬೆಂಕಿಯಲ್ಲಿ ಬೇಯುತ್ತಿದ್ದವರ ಕೈಯಲ್ಲಿತ್ತು ಮೇಲಿನ ಪೈಲಟ್ಟಿನ ಪ್ರಾಣ.

ಡಿಸೆಂಬರ್ 4, ಶನಿವಾರ. ಬೆಳಗಿನ ಹನ್ನೊಂದರ ಹೊತ್ತಿಗೆ ಎಂಟು ಸೀ ಹಾಕ್‌ಗಳು ಒಂದರ ಹಿಂದೊಂದು ಹೊರಟವು. ಮುಂದಾಳು ಸ್ಕ್ವಾಡ್ರನ್ನಿನ ಕಮಾಂಡರ್, ಲೆಫ್ಟಿನೆಂಟ್ ಕಮಾಂಡರ್ ಎಸ್. ಕೆ. ಗುಪ್ತ. ಗುರಿ ಕಾಕ್ಸ್ ಬಜಾರಿನ ವಿಮಾನ ನಿಲ್ದಾಣ. ಅಂದೇ ಮಧ್ಯಾಹ್ನ ಚಿತ್ತಗಾಂಗಿನ ಬಂದರು ಮತ್ತು ವಿಮಾನ ನಿಲ್ದಾಣ. ಭಾರತೀಯ ನೌಕಾಪಡೆಯ ವಿಮಾನಗಳು ವಾಹಕ ಹಡಗಿನಿಂದ ಹಾರಿ ಯುದ್ಧ ಮಾಡಿದ್ದು ಹೀಗೆ. ಅಲ್ಲಿಂದ ಯುದ್ಧ ಮುಗಿಯುವವರೆಗೂ ಹಗಲು ಸೀ ಹಾಕ್‌ಗಳು, ಇರುಳು ಮೂವರು ಕೂರುವ ಅಲೀಝೆ ವಿಮಾನಗಳು ಖುಲ್ನಾ, ಚಾಲ್ನಾ, ಮೊಂಗ್ಲಾ ಎಂದು ಪೂರ್ವ ಪಾಕಿಸ್ತಾನದ ನದೀಮುಖಗಳ ಮೇಲೆ ಹಾರಿದವು. ಸಮುದ್ರದ ದಾರಿ ಮುಚ್ಚಿತು. ಢಾಕಾಕ್ಕೆ ಕಡಲಿನಿಂದ ಸಹಾಯ ಬರುವಂತಿರಲಿಲ್ಲ, ಅಲ್ಲಿನ ಸೈನ್ಯ ಕಡಲಿನ ಮೂಲಕ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ.

ಮಾವ ಧ್ವನಿ ತಗ್ಗಿಸಿ ಹೇಳಿದ್ದು ವಿಮಾನಗಳು ಮರಳಿ ಬರುವ ಹೊತ್ತನ್ನು.

"ಎಂಟು ಹೋಗಿರತ್ತೆ. ಡೆಕ್ಕಿನ ಮೇಲೆ ಯಾರೂ ಮಾತಾಡಲ್ಲ. ಎಲ್ಲರೂ ಆಕಾಶ ನೋಡ್ಕೊಂಡು ಎಣಿಸ್ತಿರ್ತೀವಿ. ಒಂದು, ಎರಡು, ಮೂರು..."

ಆಕಾಶದಿಂದ ನೋಡಿದರೆ ಏಳುನೂರು ಅಡಿ ಉದ್ದದ ಹಡಗೂ ಒಂದು ಬೆಂಕಿಕಡ್ಡಿಯಷ್ಟೇ. ಅದು ಮುಂದಕ್ಕೆ ಓಡುತ್ತಿರುತ್ತದೆ, ಅಲೆಗೆ ಏರಿಳಿಯುತ್ತಿರುತ್ತದೆ. ಡೆಕ್ಕಿನ ಅಂಚಿನಲ್ಲಿ ಒಂದು ದೊಡ್ಡ ಕನ್ನಡಿ. ಅದರಲ್ಲಿ ಕಾಣುವ ಬೆಳಕಿನ ಚುಕ್ಕೆ ಎರಡು ಪಕ್ಕದ ಹಸಿರು ದೀಪಗಳ ಮಟ್ಟಕ್ಕೇ ಇರುವಂತೆ ಪೈಲಟ್ ಇಳಿದು ಬರಬೇಕು. ಚುಕ್ಕೆ ಮೇಲಾದರೆ ವಿಮಾನ ಎತ್ತರದಲ್ಲಿದೆ, ಕೆಳಗಾದರೆ ತಗ್ಗಿನಲ್ಲಿದೆ. ಡೆಕ್ಕಿಗೆ ಅಡ್ಡಲಾಗಿ ಉಕ್ಕಿನ ತಂತಿಗಳನ್ನು ಎಳೆದಿರುತ್ತಾರೆ. ಅವುಗಳಲ್ಲಿ ಒಂದನ್ನು ಬಾಲದ ಕೊಕ್ಕೆ ಹಿಡಿಯಬೇಕು. ಚಕ್ರ ಡೆಕ್ಕಿಗೆ ತಗುಲಿದ ಕ್ಷಣ ಪೈಲಟ್ ಎಂಜಿನ್ ತಗ್ಗಿಸುವುದಿಲ್ಲ, ಜೋರು ಮಾಡುತ್ತಾನೆ. ಕೊಕ್ಕೆ ತಪ್ಪಿದರೆ ಓರೆಯಾಗಿರುವ ಡೆಕ್ಕಿನಿಂದ ಹಾಗೇ ಹಾರಿಹೋಗಿ ಇನ್ನೊಂದು ಸುತ್ತು ಬರಬೇಕಲ್ಲ, ಅದಕ್ಕೆ. ಈ ಹಡಗಿನ ಡೆಕ್ಕಿನ ಮೇಲೆ ಮೊದಲ ಜೆಟ್ ಇಳಿಸಿದ ಭಾರತೀಯ ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ. ಅದು 1961ರ ಮೇ 18. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು.

ಗುಪ್ತ ಅವರ ವಿಮಾನಕ್ಕೂ ಒಂದು ದಾಳಿಯಲ್ಲಿ ನೆಲದ ಗುಂಡು ತಗುಲಿತು. ಪೆಟ್ಟು ತಿಂದ ವಿಮಾನವನ್ನು ಅವರು ಹಡಗಿಗೇ ತಂದು ಇಳಿಸಿದರು. ಆ ಯುದ್ಧದಲ್ಲಿ ಹನ್ನೊಂದು ದಾಳಿಗಳ ಮುಂದಾಳಾಗಿದ್ದ ಅವರಿಗೂ, ವಿಕ್ರಾಂತಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಬಂತು. ಪ್ರತಿ ವಿಮಾನ ನಿಂತೊಡನೆ ಮಾವನಂಥವರು ಬಗ್ಗಿ ಓಡಿ, ಕೊಕ್ಕೆ ಬಿಡಿಸಿ, ರೆಕ್ಕೆ ಮಡಿಸಿ, ದಾರಿ ತೆರವು ಮಾಡಬೇಕು, ಹಿಂದಿನದು ಬಂದೇ ಬಿಟ್ಟಿರುತ್ತದೆ. ರಾತ್ರಿಯೆಲ್ಲ ಅವರು ಗುಂಡಿನ ತೂತುಗಳಿಗೆ ತಗಡು ಹಾಕಿ, ಕೊಕ್ಕೆಯಲ್ಲಿ ಕೂದಲೆಳೆಯ ಬಿರುಕಾದರೂ ಇದೆಯೇ ಎಂದು ಬೆರಳಾಡಿಸಿ ನೋಡಿ, ಬೆಳಗಿನ ಹಾರಾಟಕ್ಕೆ ಸಿದ್ಧಮಾಡುತ್ತಿದ್ದರು.

"ಪೈಲಟ್ ಇಳೀತಾನೆ ಅಂತೀವಿ ಅಕ್ಕಾ, ಇಡೀ ಹಡಗೇ ಅವನನ್ನ ಇಳಿಸಿಕೊಳ್ಳತ್ತೆ," ಎಂದ ಮಾವ.

ಪೂರ್ವದಲ್ಲಿ ಎಣಿಕೆ ತಪ್ಪಲಿಲ್ಲ. ಪಶ್ಚಿಮದಲ್ಲಿ ತಪ್ಪಿತು. ಡಿಸೆಂಬರ್ 10ರಂದು ಅರಬ್ಬೀ ಸಮುದ್ರದ ಮೇಲೆ ಒಂದು ಅಲೀಝೆಯನ್ನು ಪಾಕಿಸ್ತಾನದ ಯುದ್ಧವಿಮಾನ ಹೊಡೆದುಹಾಕಿತು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಎಚ್. ಎಸ್. ಸಿರೋಹಿ, ನಾವಿಕ ವಿಜಯನ್ ಮರಳಲಿಲ್ಲ. ಆ ಹೆಸರುಗಳನ್ನು ಹೇಳುವಾಗ ಮಾವ ಎದ್ದು ನಿಂತ. ನಾವೂ ಎದ್ದೆವು.

ಅಷ್ಟರಲ್ಲಿ ಎದುರುಮನೆಯ ಎಚ್‌ಎಎಲ್ ಮಾಮ ಸ್ನಾನಕ್ಕೆಂದು ಬಂದು ಬಾಗಿಲಲ್ಲೇ ನಿಂತಿದ್ದರು. ಅವರು ಹೆಲಿಕಾಪ್ಟರ್ ವಿಭಾಗದಲ್ಲಿ ಫಿಟ್ಟರ್. ಬೆಳಗಿನ ಕತ್ತಲಲ್ಲೇ ಕಂಪನಿ ಬಸ್ಸು ಹಿಡಿಯುತ್ತಿದ್ದವರು. ಮಾವ ಅವರ ಕಡೆ ತಿರುಗಿ, "ರಾಯರೇ, ನಮ್ಮ ವಿಮಾನ ಏಳುವಾಗ, ಇಳಿಯುವಾಗ ಹಡಗಿನ ಪಕ್ಕದಲ್ಲಿ ಒಂದು ಹೆಲಿಕಾಪ್ಟರ್ ನಿಂತೇ ಇರತ್ತೆ. ಯಾರಾದರೂ ನೀರಿಗೆ ಬಿದ್ದರೆ ಎತ್ತೋದಕ್ಕೆ. ನೀವು ಇಲ್ಲಿ ಮಾಡ್ತೀರಲ್ಲ, ಅದೇ ಜಾತಿದು," ಎಂದ. ಫ್ರಾನ್ಸಿನ ಅಲುಯೆಟ್ ಹೆಲಿಕಾಪ್ಟರನ್ನು ಚೇತಕ್ ಎಂಬ ಹೆಸರಿನಲ್ಲಿ ಎಚ್‌ಎಎಲ್ ಬೆಂಗಳೂರಿನಲ್ಲಿ 1965ರಿಂದ ತಯಾರಿಸುತ್ತಿತ್ತು. ತಾವು ಬೋಲ್ಟು ಬಿಗಿಯುವ ಯಂತ್ರದ ಜಾತಿಯದು ನಡುಗಡಲಲ್ಲಿ ಪೈಲಟ್ಟುಗಳ ಕಾವಲಿಗೆ ನಿಲ್ಲುತ್ತದೆಂದು ಆ ಮನುಷ್ಯನಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಅವರು ಏನೂ ಆಡಲಿಲ್ಲ. ಮಾವನ ಎರಡೂ ಕೈ ಹಿಡಿದುಕೊಂಡರು.

ಮಾವ ಈಗಿಲ್ಲ, ಎಚ್‌ಎಎಲ್ ಮಾಮನೂ ಇಲ್ಲ. ವಿಕ್ರಾಂತ್ 1997ರ ಜನವರಿಯಲ್ಲಿ ನಿವೃತ್ತಿಯಾಗಿ, ಕೆಲವು ಕಾಲ ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದು, ಕೊನೆಗೆ ಗುಜರಿಗೆ ಹೋಯಿತು. ಆದರೆ ಆ ಕೊಕ್ಕೆಯ ಕೆಲಸ ನಮ್ಮ ಊರಿಗೇ ಬಂತು. 2012ರ ಏಪ್ರಿಲ್ 27ರಂದು ನೌಕಾಪಡೆಯ ತೇಜಸ್ ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿತು. ಚಾಲಕರು ಕಮಡೋರ್ ಜೈದೀಪ್ ಮಾವಳಂಕರ್, ಹಿಂದಿನ ಆಸನದಲ್ಲಿ ಪರೀಕ್ಷಾ ಎಂಜಿನಿಯರ್ ವಿಂಗ್ ಕಮಾಂಡರ್ ಮಾಲ್ತೇಶ್ ಪ್ರಭು. ಗೋವಾದಲ್ಲಿ ದಡದ ಮೇಲೆ ಹಡಗಿನ ಡೆಕ್ಕಿನ ಹಾಗೆಯೇ ಕಟ್ಟಿದ ನೆಲೆಯಲ್ಲಿ ವರ್ಷಗಟ್ಟಲೆ ಪರೀಕ್ಷೆಗಳು ನಡೆದವು. 2020ರ ಜನವರಿ 11ರಂದು ಅದೇ ಮಾವಳಂಕರ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡು ಬೆಂಗಳೂರಿನಲ್ಲೇ ತಯಾರಾದ ಆ ವಿಮಾನವನ್ನು, ನಮ್ಮ ಕಾರವಾರವೇ ನೆಲೆಯಾದ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಕೊಕ್ಕೆ ತಂತಿ ಹಿಡಿಯಿತು. ಮರುದಿನ ಅಲ್ಲಿಂದಲೇ ಹಾರಿತು. 2023ರ ಫೆಬ್ರುವರಿಯಲ್ಲಿ, ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತಿನ ಮೇಲೂ ಇಳಿಯಿತು.

ಆ ಮಾದರಿಯನ್ನು ನೌಕಾಪಡೆ ಯುದ್ಧಕ್ಕೆಂದು ಕೊಳ್ಳಲಿಲ್ಲ ನಿಜ. ಒಂದೇ ಎಂಜಿನ್ನಿನ ಆ ವಿಮಾನಕ್ಕೆ ಹಡಗಿನಿಂದ ಬೇಕಾದಷ್ಟು ಇಂಧನ, ಶಸ್ತ್ರ ಹೊತ್ತು ಏಳುವ ಶಕ್ತಿ ಸಾಲದೆಂದು 2016ರಲ್ಲೇ ತೀರ್ಮಾನವಾಗಿತ್ತು. ಹಾಗಂತ ಅದನ್ನು ಸೋಲೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತಂತಿಗೆ ಕೊಕ್ಕೆ ಹಾಕಿ ನಿಲ್ಲುವ ವಿಮಾನದ ಅಡಿಚೌಕಟ್ಟು ಎಷ್ಟು ಗಟ್ಟಿಯಿರಬೇಕು, ಚಕ್ರದ ಕಾಲು ಎಂಥ ಪೆಟ್ಟು ತಡೆಯಬೇಕು ಎಂಬ ವಿದ್ಯೆ ನಮ್ಮವರ ಕೈಗೆ ಬಂದದ್ದು ಅದರಿಂದ. ಎರಡು ಎಂಜಿನ್ನಿನ ಮುಂದಿನ ನೌಕಾ ವಿಮಾನದ ವಿನ್ಯಾಸಕ್ಕೆ ಇದೇ ಊರಿನಲ್ಲಿ ಅದೇ ವಿದ್ಯೆ ಬುನಾದಿಯಾಗಿದೆ. ಕಡಲಿಲ್ಲದ ಬೆಂಗಳೂರು ಕಡಲಿನ ಪೈಲಟ್ಟಿಗೆ ಕೊಟ್ಟದ್ದು ದೊಡ್ಡದು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಎಚ್‌ಎಎಲ್‌ನಿಂದ, ಸೇನೆಯಿಂದ ನಿವೃತ್ತರಾದ ಹಿರಿಯರು ಇನ್ನೂ ಇದ್ದಾರೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಪದಕ ಬಂದವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಕೊಕ್ಕೆ ಬಿಡಿಸಿದವರದು, ಬಾಯ್ಲರಿಗೆ ಪಟ್ಟಿ ಬಿಗಿದವರದು, ಬೋಲ್ಟು ಹಾಕಿದವರದು ಯಾರಾದರೂ ಕೇಳಿ ಬರೆದರೆ ಮಾತ್ರ ಉಳಿಯುತ್ತದೆ. ನಿಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕೂತು ಕೇಳಿ, ಬರೆದಿಡಿ.