ಡ್ರಮ್ಮು ಸುಮ್ಮನಾದ ಹೊತ್ತು

ಪಿಟೀಲಿಗೆ ಮೆಟ್ಟುಗಳಿಲ್ಲ. ವೀಣೆಯಲ್ಲೋ ಗಿಟಾರಿನಲ್ಲೋ ಬೆರಳು ಎಲ್ಲಿ ಕೂರಬೇಕೆಂದು ಮೆಟ್ಟೇ ಹೇಳಿಬಿಡುತ್ತದೆ. ಪಿಟೀಲಿನಲ್ಲಿ ಆ ಕೆಲಸ ಕಿವಿಯದು. ನುಡಿಸಿದ್ದು ನುಡಿಸಿದವರಿಗೆ ಕೇಳಿಸಬೇಕು, ಕೇಳಿಸಿದ ಮರುಕ್ಷಣವೇ ಬೆರಳು ಕೂದಲೆಳೆಯಷ್ಟು ಆಚೀಚೆ ಜರುಗಿ ಶ್ರುತಿಗೆ ಬಂದು ನಿಲ್ಲಬೇಕು. ಅಂಥ ವಾದ್ಯವನ್ನು 1970ರ ಆಸುಪಾಸಿನಲ್ಲಿ ಕೆಲವು ತರುಣರು ರಾಕ್ ವೇದಿಕೆಗೆ ಹತ್ತಿಸಿದರು. ಬೆನ್ನ ಹಿಂದೆ ಆಳೆತ್ತರದ ಸ್ಪೀಕರುಗಳು, ಪಕ್ಕದಲ್ಲಿ ಬಾಸ್ ಗಿಟಾರು, ಎದೆ ನಡುಗಿಸುವ ಡ್ರಮ್ಮು. ಅವರು ಏನು ನುಡಿಸಿದರು ಎನ್ನುವುದಕ್ಕಿಂತ ಮೊದಲು, ಅಲ್ಲಿ ನಿಂತವರಿಗೆ ತಮ್ಮ ಸ್ವರ ತಮಗೆ ಹೇಗೆ ಕೇಳಿಸಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಈ ಸಂಗೀತದಲ್ಲಿ ನನಗೆ ಮೆಚ್ಚಿನ ಪಿಟೀಲುಗಾರರು ಯಾರು ಎಂಬುದು ತೀರ್ಮಾನವಾದದ್ದೂ ಆ ಪ್ರಶ್ನೆಯಿಂದಲೇ.

ಪ್ರೋಗ್ರೆಸಿವ್ ರಾಕ್, ಅಭಿಮಾನಿಗಳ ಬಾಯಲ್ಲಿ ಬರೀ ಪ್ರಾಗ್, ಮೂರು ನಿಮಿಷದ ಹಾಡು ತನಗೆ ಸಾಲದೆಂದು ಹೊರಟ ಸಂಗೀತ. ಒಂದು ರಚನೆ ಇಪ್ಪತ್ತು ನಿಮಿಷ ಹರಿಯಬಹುದು. ನಡೆ ನಾಲ್ಕನ್ನು ಬಿಟ್ಟು ಐದಕ್ಕೋ ಏಳಕ್ಕೋ ಹೊರಳಬಹುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗೆ ಅದಕ್ಕೆ ಮೊದಲಿನಿಂದಲೂ ಸೆಳೆತವಿತ್ತು, ಹಾಗಾಗಿ ಪಿಟೀಲು ಅಲ್ಲಿಗೆ ಬಂದದ್ದು ಸಹಜವೇ. ಬಂದಮೇಲೆ ಬಾಳುವುದು ಕಷ್ಟವಾಯಿತು. ಪಿಟೀಲಿನ ಹೊಟ್ಟೆ ಟೊಳ್ಳು. ಸದ್ದಿಗೆ ಮಿಡಿಯಲೆಂದೇ ತೆಳುವಾಗಿ ಕೆತ್ತಿದ ಮರ. ಅದರ ಕುದುರೆಗೆ ಪಿಕಪ್ ಕೂರಿಸಿ ಆಂಪ್ಲಿಫೈಯರಿಗೆ ಕೊಟ್ಟರೆ, ಸ್ಪೀಕರಿನಿಂದ ಬಂದ ಸದ್ದಿಗೆ ಆ ಮರ ಮತ್ತೆ ಮಿಡಿಯುತ್ತದೆ, ಮಿಡಿದದ್ದು ಮತ್ತೆ ಸ್ಪೀಕರಿಗೆ ಹೋಗುತ್ತದೆ, ಮದುವೆ ಮನೆಯ ಮೈಕಿನಂತೆ ಕಿರುಚಾಟ ಶುರುವಾಗುತ್ತದೆ. ಕಿರುಚಬಾರದೆಂದು ಸದ್ದು ತಗ್ಗಿಸಿದರೆ ಡ್ರಮ್ಮಿನಡಿಯಲ್ಲಿ ಹೂತುಹೋಗುತ್ತದೆ.

ಈ ಇಕ್ಕಟ್ಟಿಗೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದಿದ್ದ ಡ್ಯಾರಿಲ್ ವೇ 'ಕರ್ವ್ಡ್ ಏರ್' ತಂಡದಲ್ಲಿ ಪಿಟೀಲನ್ನು ಮುಂದಿನ ಸಾಲಿಗೇ ತಂದು ನಿಲ್ಲಿಸಿದರು. ಅವರ ಮೊದಲ ಧ್ವನಿಮುದ್ರಿಕೆ, 1970ರ 'ಏರ್ ಕಂಡೀಷನಿಂಗ್'ನಲ್ಲಿ 'ವಿವಾಲ್ಡಿ' ಎಂಬ ರಚನೆ ಇದೆ. ಬರೋಕ್ ಕಾಲದ ಕಮಾನಿನ ಓಟವನ್ನು ಅವರು ರಾಕ್ ವೇಗಕ್ಕೆ ಏರಿಸಿ, ಕೊನೆಗೆ ಪಿಟೀಲು ಪಿಟೀಲೇ ಅಲ್ಲವೆನ್ನುವಷ್ಟು ಒರಟಾಗಿ ಉಜ್ಜುತ್ತಾರೆ. ಕೇಳುವಾಗ ಬೆರಗಾಗುತ್ತದೆ. ಆದರೆ ಆ ಬೆರಗು ಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

1972ರಲ್ಲಿ ವೇ ತಂಡ ಬಿಟ್ಟಾಗ ಆ ಜಾಗಕ್ಕೆ ಬಂದ ಎಡಿ ಜಾಬ್ಸನ್‌ಗೆ 17 ವರ್ಷ. ಅಲ್ಲಿಂದ ಅವರು ಹೋದದ್ದು 'ರಾಕ್ಸಿ ಮ್ಯೂಸಿಕ್'ಗೆ, ಆಮೇಲೆ ಫ್ರ್ಯಾಂಕ್ ಜಪ್ಪಾ ಅವರ ತಂಡಕ್ಕೆ, ಅಲ್ಲಿಂದ 'ಯು.ಕೆ.'ಗೆ, 1980ರಲ್ಲಿ 'ಜೆತ್ರೋ ಟಲ್' ಜೊತೆಗೆ. ಅವರ ಕೈಯಲ್ಲಿದ್ದದ್ದು ಗಾಜಿನಂತೆ ಪಾರದರ್ಶಕವಾದ ಪ್ಲೆಕ್ಸಿಗ್ಲಾಸ್ ಪಿಟೀಲು. ಟೊಳ್ಳು ಮರವಿಲ್ಲದ ಮೇಲೆ ಕಿರುಚಾಟದ ಭಯವೂ ಕಡಿಮೆ. 1979ರ 'ಡೇಂಜರ್ ಮನಿ' ಹೊತ್ತಿಗೆ 'ಯು.ಕೆ.' ತಂಡದಲ್ಲಿ ಗಿಟಾರ್ ನುಡಿಸುವವರೇ ಇರಲಿಲ್ಲ; ಬಾಸ್, ಡ್ರಮ್ಸ್ ಮತ್ತು ಜಾಬ್ಸನ್ ಅಷ್ಟೆ. 'ಸೀಸರ್ಸ್ ಪ್ಯಾಲೇಸ್ ಬ್ಲೂಸ್' ಕೇಳಿದರೆ ಗಿಟಾರಿನ ಖಾಲಿ ಕುರ್ಚಿಯಲ್ಲಿ ಪಿಟೀಲು ಯಾವ ಸಂಕೋಚವೂ ಇಲ್ಲದೆ ಕುಳಿತಿರುವುದು ತಿಳಿಯುತ್ತದೆ. ಈ ಮೊಳಗಿನ ದಾರಿಯಲ್ಲಿ ಅವರಷ್ಟು ದೂರ ಹೋದವರು ವಿರಳ, ಅವರ ಕೈಚಳಕಕ್ಕೆ ನನ್ನ ನಮಸ್ಕಾರ. ಗಿಟಾರಿನ ಮಾತನ್ನು ಪಿಟೀಲು ಇಷ್ಟು ಚೆನ್ನಾಗಿ ಆಡತೊಡಗಿದಾಗ ಅದರ ಸ್ವಂತ ಮಾತು ಎಲ್ಲಿ ಹೋಯಿತು ಎಂಬ ಕೊರಗು ಮಾತ್ರ ನನಗೆ ಉಳಿದಿದೆ.

ಜೆರ್ರಿ ಗುಡ್‌ಮನ್ ಅವರ ವಿಷಯಕ್ಕೆ ಬಂದರೆ ನಾನು ಸ್ವಲ್ಪ ನಿಲ್ಲಬೇಕು. ಶಿಕಾಗೋದ 'ದ ಫ್ಲಾಕ್' ತಂಡದಲ್ಲಿದ್ದ ಅವರನ್ನು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ 'ಮಹಾವಿಷ್ಣು ಆರ್ಕೆಸ್ಟ್ರಾ'ಕ್ಕೆ ಕರೆಸಿಕೊಂಡರು. ಇದು ಪ್ರಾಗ್ ಅಲ್ಲ, ಜಾಜ್ ಫ್ಯೂಷನ್ ಎಂದು ಗೆರೆ ಎಳೆಯುವವರಿದ್ದಾರೆ. ಆ ಕಾಲದ ಕೇಳುಗರಿಗೆ ಎರಡಕ್ಕೂ ನಡುವಿನ ಬಾಗಿಲು ತೆರೆದೇ ಇತ್ತು, ನಾನೂ ಅದನ್ನು ಮುಚ್ಚುವುದಿಲ್ಲ. ಬಿಲ್ಲಿ ಕಾಬಮ್ ಅವರ ಡ್ರಮ್ಮಿನ ರಭಸದ ಮುಂದೆ ಯಾವ ಪಿಟೀಲೂ ಒಂಟಿಯಾಗಿ ನಿಲ್ಲಲಾರದು. ಅಲ್ಲಿ ಅದು ಒಂಟಿಯಾಗಿ ನಿಲ್ಲಲೇ ಇಲ್ಲ. ಗಿಟಾರೂ ಪಿಟೀಲೂ ಒಂದೇ ಸ್ವರಪಂಕ್ತಿಯನ್ನು ಒಂದೇ ಉಸಿರಿನಲ್ಲಿ ಜೋಡಿಯಾಗಿ ನುಡಿಸಿದವು. ನಮ್ಮ ಕಛೇರಿಯಲ್ಲಿ ಹಾಡುಗಾರರ ನೆರಳಿನಂತೆ ಪಿಟೀಲು ಅರೆಕ್ಷಣ ಹಿಂದೆ ಬರುತ್ತದೆ; ಇಲ್ಲಿ ಹಿಂದೆ ಮುಂದೆ ಎಂಬುದಿಲ್ಲ, ಎರಡೂ ಸರಿಸಮ. 1973ರ 'ಬರ್ಡ್ಸ್ ಆಫ್ ಫೈರ್'ನ ಶೀರ್ಷಿಕೆ ರಚನೆಯಲ್ಲಿ 18 ಮಾತ್ರೆಗಳ ಸುತ್ತಿನ ಮೇಲೆ ಅವರಿಬ್ಬರೂ ಹೀಗೆ ಹಾರುವುದನ್ನು ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುವುದು ನಿಂತಿಲ್ಲ.

ಆದರೂ ಗುಡ್‌ಮನ್ ಅವರನ್ನು ನಾನು ಹುಡುಕಿ ಹೋಗುವುದು ಬೇರೊಂದು ರಚನೆಗೆ. 1971ರ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' ಧ್ವನಿಮುದ್ರಿಕೆಯಲ್ಲಿ, ಆ ಎಲ್ಲ ಬೆಂಕಿಯ ನಡುವೆ, 'ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್' ಎಂಬುದೊಂದಿದೆ. ವಿದ್ಯುತ್ತಿಲ್ಲದ ಗಿಟಾರು, ಪಿಯಾನೊ, ಪಿಟೀಲು ಮಾತ್ರ. ಕಾಬಮ್ ಇಲ್ಲ, ಬಾಸೂ ಇಲ್ಲ. ಇಲ್ಲಿ ಗುಡ್‌ಮನ್ ಕಮಾನನ್ನು ತಂತಿಯ ಮೇಲೆ ನಿಧಾನವಾಗಿ ಎಳೆಯುತ್ತಾರೆ, ಕಮಾನು ದಿಕ್ಕು ಬದಲಿಸುವ ಸಣ್ಣ ಗೀರು ಕೂಡ ಕಿವಿಗೆ ಬೀಳುತ್ತದೆ. ಅವರ ನಂತರ ಆ ಜಾಗಕ್ಕೆ ಬಂದ ಫ್ರಾನ್ಸಿನ ಜ್ಯಾಂ ಲುಕ್ ಪಾಂಟಿ ಇನ್ನೂ ದೊಡ್ಡ ವಿದ್ವಾಂಸರು. ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ ಪಳಗಿದ ಕೈ ಅವರದು, 1977ರ 'ಎನಿಗ್ಮ್ಯಾಟಿಕ್ ಓಷನ್' ಅಂತೂ ಎಲ್ಲೂ ಒಂದು ಸ್ವರ ಅಲುಗದಷ್ಟು ನಯ. ಆ ನಯವೇ ನನ್ನನ್ನು ಕೊಂಚ ದೂರ ನಿಲ್ಲಿಸುತ್ತದೆ.

ಈ ಸಂಗೀತದ ಗಂಧಗಾಳಿ ಇಲ್ಲದವರಿಗೂ ಗೊತ್ತಿರುವ ಪಿಟೀಲು ಒಂದಿದ್ದರೆ ಅದು ಅಮೆರಿಕದ 'ಕ್ಯಾನ್ಸಸ್' ತಂಡದ ರಾಬಿ ಸ್ಟೈನ್‌ಹಾರ್ಟ್ ಅವರದು. ಅವರ ತಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಇತಿಹಾಸ ಕಲಿಸುತ್ತಿದ್ದ ಪ್ರಾಧ್ಯಾಪಕರು. ಮಗ ಉದ್ದ ಗಡ್ಡ ಬಿಟ್ಟು, ಅಬ್ಬರದ ಗಿಟಾರುಗಳ ನಡುವೆ ಹಳ್ಳಿಯ ಕುಣಿತದ ಗತ್ತನ್ನೂ ಆರ್ಕೆಸ್ಟ್ರಾದ ಗಾಂಭೀರ್ಯವನ್ನೂ ಒಟ್ಟಿಗೆ ಹೊತ್ತು ನಿಂತರು. 1977ರಲ್ಲಿ ಬಂದ 'ಡಸ್ಟ್ ಇನ್ ದ ವಿಂಡ್' ಹುಟ್ಟಿದ್ದು ಗಿಟಾರ್ ವಾದಕ ಕೆರಿ ಲಿವ್‌ಗ್ರೆನ್ ಬೆರಳುಗಳಿಂದ ತಂತಿ ಮೀಟುವುದನ್ನು ಕಲಿಯಲು ಮಾಡಿಕೊಂಡಿದ್ದ ಅಭ್ಯಾಸದಿಂದ. ಅದರಲ್ಲಿ ಒಂದು ಹಾಡಿದೆಯೆಂದು ಮೊದಲು ಗುರುತಿಸಿದವರು ಅವರ ಹೆಂಡತಿ. ಆ ಹಾಡಿನ ನಡುವೆ ಸ್ಟೈನ್‌ಹಾರ್ಟ್ ನುಡಿಸುವ ಭಾಗ ಒಂದು ನಿಮಿಷವೂ ಇಲ್ಲ. ಓಟವಿಲ್ಲ, ಗಮಕದ ಪ್ರದರ್ಶನವಿಲ್ಲ. ಹಾಡು ಮಾತಿನಲ್ಲಿ ಹೇಳಿ ನಿಲ್ಲಿಸಿದ್ದನ್ನು ಪಿಟೀಲು ಎತ್ತಿಕೊಂಡು ಮುಂದುವರಿಸುತ್ತದೆ. ಅಲ್ಲಿಯೂ ಡ್ರಮ್ಮು ಕೈಕಟ್ಟಿ ಕುಳಿತಿದೆ. ಸ್ಟೈನ್‌ಹಾರ್ಟ್ 2021ರಲ್ಲಿ ತೀರಿಕೊಂಡರು.

ಇಟಲಿಯ ಮೌರೊ ಪಗಾನಿ ಅವರ ಹೆಸರನ್ನೂ ಬಿಡುವ ಹಾಗಿಲ್ಲ. ಅವರ ತಂಡದ ಹೆಸರು 'ಪ್ರೆಮಿಯಾಟ ಫೋರ್ನೆರಿಯ ಮಾರ್ಕೋನಿ', ಬ್ರೆಶ್ಯ ನಗರದ ಬಳಿಯ ಕಿಯಾರಿ ಊರಿನ ಒಂದು ಬೇಕರಿಯಿಂದ ಪಡೆದದ್ದು. ಪಗಾನಿ ಒಮ್ಮೆ ಕೊಳಲು, ಒಮ್ಮೆ ಪಿಟೀಲು ಹಿಡಿಯುತ್ತಾರೆ. 1972ರ 'ಪೆರ್ ಉನ್ ಅಮೀಕೊ'ದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ನುಡಿಸುವ ಸೌಜನ್ಯವಿದೆ.

ಕೇಳಿಸುವುದಕ್ಕಾಗಿ ಪಿಟೀಲು ಪಟ್ಟ ಪಾಡು ರಾಕ್‌ನವರಿಗೆ ಮಾತ್ರ ಸೇರಿದ್ದಲ್ಲ. ಮೈಸೂರು ಟಿ. ಚೌಡಯ್ಯನವರು ಮೈಕು ಇಲ್ಲದ ದಿನಗಳಲ್ಲಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಆದರೆ ಚೌಡಯ್ಯನವರಿಗೆ ಇದ್ದ ಒಂದು ಅನುಕೂಲ ರಾಕ್ ವೇದಿಕೆಯ ಪಿಟೀಲಿಗೆ ಇರಲಿಲ್ಲ. ನಮ್ಮ ಕಛೇರಿಯಲ್ಲಿ ಆಲಾಪನೆಯ ಹೊತ್ತಿಗೆ ಮೃದಂಗ ತೊಡೆಯ ಮೇಲೆ ಮೌನವಾಗಿ ಕುಳಿತಿರುತ್ತದೆ. ಹಾಡುಗಾರರು ರಾಗ ಬಿಡಿಸಿಟ್ಟ ಮೇಲೆ ಪಿಟೀಲಿಗೆ ಅದರ ಪಾಲು ಸಿಗುತ್ತದೆ, ಅದನ್ನು ಯಾರೂ ಕೇಳಿ ಪಡೆಯಬೇಕಿಲ್ಲ, ಪದ್ಧತಿಯೇ ಕೊಟ್ಟಿದೆ. ಬೆಂಗಳೂರಿನ 'ಅಗಂ' ತಂಡ ಕರ್ನಾಟಕ ಸಂಗೀತವನ್ನೂ ಪ್ರೋಗ್ರೆಸಿವ್ ರಾಕನ್ನೂ ಬೆಸೆಯುತ್ತದೆ. ಅದರ ಹಾಡುಗಾರ ಹರೀಶ್ ಶಿವರಾಮಕೃಷ್ಣನ್ ಪಿಟೀಲನ್ನೂ ನುಡಿಸುತ್ತಾರೆ. ಆಲಾಪನೆಯ ಆ ಬಿಡುವಿನ ಅರಿವಿದ್ದವರು ರಾಕ್ ಕಟ್ಟುವಾಗ ಪಿಟೀಲಿಗೆ ಇನ್ನೂ ಹೆಚ್ಚು ಜಾಗ ಬಿಡಲಿ ಎಂಬುದು ನನ್ನ ಆಸೆ.

1972ರಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ 'ಕಿಂಗ್ ಕ್ರಿಮ್ಸನ್' ತಂಡವನ್ನು ಹೊಸದಾಗಿ ಕಟ್ಟಿದಾಗ ಪಿಟೀಲಿಗೆ ಬಂದವರು ಡೇವಿಡ್ ಕ್ರಾಸ್. ನನ್ನ ಪಾಲಿಗೆ ಈ ಸಂಗೀತದಲ್ಲಿ ಅವರೇ ಮೊದಲಿಗರು. ಅವರಿಗಿಂತ ವೇಗದವರು, ಅವರಿಗಿಂತ ಕೀರ್ತಿವಂತರು ಮೇಲೆ ಬಂದುಹೋದವರಲ್ಲೇ ಇದ್ದಾರೆ. ಆದರೆ 1973ರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್'ನ ಮೊದಲ ಭಾಗ ಕೇಳಿ. ಗಿಟಾರು ಗುಡುಗಿ, ಬಾಸು ಗೊಣಗಿ, ತಾಳವಾದ್ಯದ ಜೇಮೀ ಮ್ಯೂರ್ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿದ ಮೇಲೆ ಎಲ್ಲವೂ ಹಿಂದೆ ಸರಿಯುತ್ತದೆ, ಕ್ರಾಸ್ ಒಬ್ಬರೇ ಉಳಿಯುತ್ತಾರೆ. ಆ ದೊಡ್ಡ ಬಯಲಿನಲ್ಲಿ ಅವರು ಜೋರಾಗಿ ಏನನ್ನೂ ಹೇಳುವುದಿಲ್ಲ.

ವೇದಿಕೆಯಲ್ಲಿ ಅವರಿಗೆ ಇಂಥ ಬಯಲು ಸಿಕ್ಕಿದ್ದು ಕಡಿಮೆ. ಮ್ಯೂರ್ 1973ರ ಆರಂಭದಲ್ಲೇ ಹೊರಟುಹೋದರು. ಜಾನ್ ವೆಟನ್ ಅವರ ಬಾಸು, ಬಿಲ್ ಬ್ರೂಫರ್ಡ್ ಅವರ ಡ್ರಮ್ಮು ಜೊತೆಗೂಡಿ ಪ್ರವಾಸದಿಂದ ಪ್ರವಾಸಕ್ಕೆ ಮೊಳಗು ಏರುತ್ತ ಹೋಯಿತು. ಕ್ರಾಸ್ ಪಿಟೀಲು ಕೆಳಗಿಟ್ಟು ಕೀಬೋರ್ಡಿನ ಮುಂದೆ ಕೂರುವುದು ಹೆಚ್ಚಾಯಿತು.

ಆ ದಿನಗಳ ನಡುವೆ, 1973ರ ನವೆಂಬರ್ 23ರಂದು, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ 'ಟ್ರಯೋ' ಹುಟ್ಟಿತು. ಮೊದಲೇ ಬರೆದಿಟ್ಟದ್ದಲ್ಲ, ಸ್ಥಳದಲ್ಲೇ ಕಟ್ಟಿದ್ದು. ಆರಂಭ ಎಷ್ಟು ಮೆಲ್ಲಗಿದೆಯೆಂದರೆ ಧ್ವನಿ ಏರಿಸಲು ಕೈ ತಾನಾಗಿ ಹೋಗುತ್ತದೆ. ವೆಟನ್ ಬಾಸಿನ ತಂತಿಗಳನ್ನು ಮೆತ್ತಗೆ ಮುಟ್ಟುತ್ತಾರೆ. ಫ್ರಿಪ್ ಗಿಟಾರನ್ನು ಬಿಟ್ಟು ಮೆಲೊಟ್ರಾನ್ ಎಂಬ ಕೀಬೋರ್ಡಿನ ಮುಂದೆ ಕುಳಿತು ಅದರೊಳಗಿನ ಕೊಳಲಿನ ದನಿಯನ್ನು ಹೊರಡಿಸುತ್ತಾರೆ. ಕ್ರಾಸ್ ಅವರ ಪಿಟೀಲು ಒಂದು ಸ್ವರಕ್ಕೆ ಬರುತ್ತದೆ, ನಿಲ್ಲುತ್ತದೆ, ಆ ಕೊಳಲು ಏನೆನ್ನುತ್ತದೆಂದು ಕೇಳಿ ಆಮೇಲೆ ಮುಂದಿನ ಸ್ವರಕ್ಕೆ ಹೋಗುತ್ತದೆ. ಕೇಳುತ್ತ ನುಡಿಸುವುದು ಅಂದರೆ ಇದು. ಬೆರಳು ಶ್ರುತಿಯನ್ನು ಅರಸುವುದೂ ಕೇಳಿಸುತ್ತದೆ, ಅದು ಸಿಕ್ಕಾಗಿನ ನೆಮ್ಮದಿಯೂ ಕೇಳಿಸುತ್ತದೆ. ಐದೂವರೆ ನಿಮಿಷ ಹೀಗೇ ಸಾಗುತ್ತದೆ. ಅಷ್ಟು ಹೊತ್ತೂ ಬ್ರೂಫರ್ಡ್ ಡ್ರಮ್ಮಿನ ಕೋಲುಗಳನ್ನು ಎದೆಯ ಮೇಲೆ ಅಡ್ಡಡ್ಡ ಹಿಡಿದು ಸುಮ್ಮನೆ ಕುಳಿತಿದ್ದರು. ತನ್ನ ಸರದಿ ಬಂದಿಲ್ಲವೆಂದಲ್ಲ, ಇಲ್ಲಿ ತಾನು ಬರಬಾರದೆಂದು ತೀರ್ಮಾನಿಸಿ. 1974ರ 'ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್' ಧ್ವನಿಮುದ್ರಿಕೆಯಲ್ಲಿ ಅದು ಸೇರಿದಾಗ, ಒಂದು ಪೆಟ್ಟೂ ಹಾಕದ ಬ್ರೂಫರ್ಡ್ ಅವರ ಹೆಸರನ್ನು ರಚನಕಾರರ ಸಾಲಿನಲ್ಲಿ ಉಳಿದವರ ಸಮಕ್ಕೆ ಸೇರಿಸಿದರು. ರಾಕ್ ಸಂಗೀತದಲ್ಲಿ ಇದಕ್ಕಿಂತ ನ್ಯಾಯವಾಗಿ ಹಂಚಿದ ಗೌರವವನ್ನು ನಾನು ಕಂಡಿಲ್ಲ.

'ಟ್ರಯೋ' ನುಡಿಸಿದ ಮರುವರ್ಷ ಹಾಗಿರಲಿಲ್ಲ. 1974ರ ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಡೆದದ್ದು ಆ ತಂಡದೊಡನೆ ಕ್ರಾಸ್ ಅವರ ಕಡೆಯ ಕಛೇರಿ. ಅವರು ವೇದಿಕೆಯಲ್ಲಿ ನುಡಿಸುತ್ತಿದ್ದ 'ಸ್ಟಾರ್‌ಲೆಸ್'ನ ಆರಂಭದ ರಾಗ ಅದೇ ವರ್ಷದ 'ರೆಡ್' ಧ್ವನಿಮುದ್ರಿಕೆಗೆ ಹೋಗುವಾಗ ಫ್ರಿಪ್ ಅವರ ಗಿಟಾರಿನ ಪಾಲಾಯಿತು. ಆ ಪ್ರವಾಸದ ಮುದ್ರಣಗಳಿಂದ 1975ರಲ್ಲಿ 'ಯು.ಎಸ್.ಎ.' ಬಂದಾಗ ಕೆಲವೆಡೆ ಪಿಟೀಲನ್ನು ಸ್ಟುಡಿಯೊದಲ್ಲಿ ಮೇಲಿಂದ ಕೂರಿಸಿದವರು ಎಡಿ ಜಾಬ್ಸನ್. ಜಾಬ್ಸನ್ ಅವರ ಕೆಲಸದಲ್ಲಿ ಕೊರತೆ ಇಲ್ಲ. ಆದರೂ ಅಲ್ಲಿ ನಿಂತು ನುಡಿಸಿದವರ ಕೈಯನ್ನೇ ಕೇಳಬೇಕೆಂಬ ಹಟ ನನ್ನದು. 1992ರಲ್ಲಿ 'ದ ಗ್ರೇಟ್ ಡಿಸೀವರ್' ಎಂಬ ನಾಲ್ಕು ಸಿ.ಡಿ.ಗಳ ಪೆಟ್ಟಿಗೆ ಬಂದಮೇಲೆ ಅದಕ್ಕೆ ದಾರಿಯಾಯಿತು. ಪ್ರಾವಿಡೆನ್ಸ್ ನಗರದ 1974ರ ಜೂನ್ 30ರ ಕಛೇರಿ ಅದರಲ್ಲಿದೆ, ಆ ಕಡೆಯ ಕಛೇರಿಗಿಂತ ಒಂದು ದಿನ ಮುಂಚಿನದು. ಅಲ್ಲಿ 'ಸ್ಟಾರ್‌ಲೆಸ್' ರಾಗವನ್ನು ಕ್ರಾಸ್ ನುಡಿಸುತ್ತಾರೆ. ದನಿ ತೆಳ್ಳಗಿದೆ, ಬಾಸು ಅದನ್ನು ಒತ್ತುತ್ತಲೇ ಇದೆ. ಆದರೂ ರಾಗದ ತುದಿ ಮುಟ್ಟುವ ತನಕ ಅವರು ಒಂದು ಸ್ವರವನ್ನೂ ಅವಸರದಲ್ಲಿ ದಾಟುವುದಿಲ್ಲ. 2015ರಲ್ಲಿ ಕ್ರಾಸ್ ಮತ್ತು ಫ್ರಿಪ್ ಅದೇ ರಾಗವನ್ನು ಹಿಡಿದು 'ಸ್ಟಾರ್‌ಲೆಸ್ ಸ್ಟಾರ್‌ಲೈಟ್' ಎಂಬ ಇಡೀ ಧ್ವನಿಮುದ್ರಿಕೆಯನ್ನೇ ಮಾಡಿದ್ದಾರೆ. ಪಿಟೀಲಿಗೆ ಅಲ್ಲಿ ಬೇಕಾದಷ್ಟು ಬಿಡುವಿದೆ. ಅದು ನನಗೆ ಇಷ್ಟವೇ; ಆದರೆ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಪ್ರಾವಿಡೆನ್ಸಿನ ಮುದ್ರಣವನ್ನೇ ಹಾಕುತ್ತೇನೆ.