ಎರಡನೇ ಟ್ರೇಲರ್ ದಾಟುವ ತನಕ

ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಎಡಕ್ಕೆ ತಿರುಗುವುದನ್ನು ಯಾವಾಗಾದರೂ ನಿಂತು ನೋಡಿದ್ದೀರಾ? ಹಿಂದಿನ ಟ್ರೇಲರ್ ಟ್ರ್ಯಾಕ್ಟರಿನ ಜಾಡಿನಲ್ಲೇ ಬರುವುದಿಲ್ಲ, ಮೂಲೆಯನ್ನು ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಎರಡನೆಯದು ಇನ್ನೂ ಒಳಗೆ. ಇದು ಗೊತ್ತಿರುವ ಡ್ರೈವರ್ ಮೊದಲು ಬಲಕ್ಕೆ ಅಗಲವಾಗಿ ಎಳೆದು, ಆಮೇಲೆ ಎಡಕ್ಕೆ ಹೊಡೆಯುತ್ತಾನೆ. ಹಿಂದಿದ್ದವರು 'ಬಲಕ್ಕ ಹೊಂಟಾನ' ಅಂದುಕೊಂಡು ಎಡಗಡೆಯ ಖಾಲಿ ಜಾಗಕ್ಕೆ ಬೈಕ್ ನುಗ್ಗಿಸುತ್ತಾರೆ. ಆ ಜಾಗ ಕಣ್ಣು ಮಿಟುಕಿಸುವುದರೊಳಗೆ ಮುಚ್ಚುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬಾ ಇವೇ. ಹಿಂದಿನ ಲೈಟು ಜೋತುಬಿದ್ದ ಕಬ್ಬಿನಡಿ ಮುಚ್ಚಿಹೋಗಿರುತ್ತದೆ. ಟೇಪಿನ ಹಾಡಿನ ಅಬ್ಬರದಲ್ಲಿ ನಮ್ಮ ಹಾರ್ನ್ ಅವನಿಗೆ ಕೇಳಿದರೆ ಪುಣ್ಯ.

ಸಿಗ್ನಲ್ ಇಲ್ಲದ ಕಡೆ ನಿಯಮವೇ ಇಲ್ಲ ಅಂತ ಬಹಳ ಮಂದಿ ತಿಳಿದಿದ್ದಾರೆ. ಇದೆ. ಮುಖ್ಯರಸ್ತೆಗೆ ಸೇರುವವರು ಅಲ್ಲಿ ಹೋಗುತ್ತಿರುವವರಿಗೆ ದಾರಿ ಬಿಡಬೇಕು, ಉಳಿದ ಕಡೆ ಬಲಗಡೆಯಿಂದ ಬರುವವರಿಗೆ. 1989ರ ನಿಯಮದಲ್ಲೇ ಇದಿತ್ತು, 2017ರಲ್ಲಿ ಹೊಸದು ಬಂದಾಗಲೂ ಬಲಗಡೆಯವರ ಹಕ್ಕು ಉಳಿಯಿತು. ಅಮೆರಿಕದಲ್ಲಿ ನಾಲ್ಕೂ ದಿಕ್ಕಿಗೆ ಸ್ಟಾಪ್ ಬೋರ್ಡ್ ಇರುವ ಕಡೆ ಮೊದಲು ಬಂದು ನಿಂತವರದು ಮೊದಲ ಪಾಳಿ. ನಮ್ಮಲ್ಲಿ ಯಾರ ಗಾಲಿ ದೊಡ್ಡದೋ ಅವರದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣ ನನ್ನ ತಂಗಿ. ಬನಹಟ್ಟಿಯಿಂದ ಜಮಖಂಡಿಗೆ ದಿನಾ ಸ್ಕೂಟಿ ಮೇಲೆ ಕೆಲಸಕ್ಕೆ ಹೋಗುತ್ತಾಳೆ. ಹಂಗಾಮು ಶುರುವಾದ ಮೇಲೆ ಅಪ್ಪನದು ಒಂದೇ ಹಟ: "ಕಾರ್ಖಾನಿ ಬಂದ್ ಆಗೂತನಕಾ ಬಸ್ಸಿಗೆ ಹೋಗವಾ." ಅವಳು ಬಿಡಬೇಕಲ್ಲ! "ಬಸ್ಸಿನ ಹಾದಿ ಕಾಯೂದ್ರಾಗ ಅರ್ಧ ದಿನದ ಪಗಾರ ಹೊಕ್ಕೈತಿ." ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೋದ ನನ್ನ ಮುಂದೆ ಈ ಪಂಚಾಯ್ತಿ ಬಂತು.

ಮರುದಿನ ಅವಳ ಜೊತೆಗೇ ಹೊರಟೆ. ಜಮಖಂಡಿಯಲ್ಲಿ ಅವಳು ತಿರುಗುವ ಮೂಲೆಯಲ್ಲಿ ಚಹಾ ಕುಡಿಯುತ್ತಾ ಅರ್ಧ ತಾಸು ಬರೀ ಹಿಂದಿನ ಗಾಲಿ ನೋಡಿದೆವು. ನಾನು ಟ್ರ್ಯಾಕ್ಟರ್ ತೋರಿಸುತ್ತಿದ್ದರೆ ಅವಳು ಬೇರೇನೋ ತೋರಿಸಿದಳು. "ಅಣ್ಣಾ, ನನಗ ತ್ರಾಸ ಆಗೂದು ಆ ಟಂಟಂದು." ನಿಜ. ತಿರುವಿಗೆ ಹತ್ತಿ ಒಂದು ಹಣ್ಣಿನ ಗಾಡಿ, ಅದರ ಹಿಂದೆ ಮಂದಿ ತುಂಬಿಸುವ ಟಂಟಂಗಳು. ಬಲಗಡೆ ಯಾರು ಬಂದರು ಅಂತ ನೋಡಬೇಕಾದರೆ ಮುಂದಿನ ಗಾಲಿಯನ್ನು ರಸ್ತೆಯ ಮೇಲೇ ಇಡಬೇಕು.

ಎಲ್ಲರೂ ಸಿಗ್ನಲ್ ಕೇಳುತ್ತಾರೆ. ನನಗನಿಸುವುದು, ಮೊದಲು ಮೂಲೆಯಿಂದ ಹತ್ತಿಪ್ಪತ್ತು ಹೆಜ್ಜೆ ಖಾಲಿ ಮಾಡಿಸಲಿ. ಕಾಣದ ಬಲಗಡೆಗೆ ದಾರಿ ಬಿಡುವುದಾದರೂ ಹೇಗೆ?

ತಂಗಿ ಹಣ್ಣಿನ ಕಾಕಾನನ್ನು ಕೇಳಿಯೂ ನೋಡಿದಳು. "ಟಂಟಂನವರು ಸರಿದ್ರ ನಾನೂ ಸರೀತೀನಿ" ಅಂದ. ಟಂಟಂನವರು ನಕ್ಕರು.

ಕೊನೆಗೆ ಅಪ್ಪ ಎರಡು ಷರತ್ತಿನ ಮೇಲೆ ಒಪ್ಪಿದರು. ಎರಡನೇ ಟ್ರೇಲರ್ ದಾಟುವ ತನಕ ಹಿಂದೆಯೇ ನಿಲ್ಲಬೇಕು, ಮುಟ್ಟಿದ ಕೂಡಲೇ ಮಿಸ್ಡ್ ಕಾಲ್ ಕೊಡಬೇಕು. ಆ ಕಾಲ್ ಬರುವವರೆಗೆ ಅಪ್ಪ ಮಗ್ಗ ಚಾಲೂ ಮಾಡುವುದಿಲ್ಲ. ಸಪ್ಪಳದಾಗ ಫೋನ್ ಕೇಳಂಗಿಲ್ಲಂತ.