ಅಲ್ಲಿ ನಮ್ಮವರು ಯಾರಿದ್ದಾರೆ?

ಚನ್ನಗಿರಿ ತಾಲೂಕಿನ ನಲ್ಲೂರಿಗೆ ಹೋಗುವುದಾದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಹೋಗಿ. ಬಸ್ಸಿನಿಂದ ಇಳಿಯುವಾಗಲೇ ಬೇಯುವ ಅಡಿಕೆಯ ಒಗರು ವಾಸನೆ ಮೂಗಿಗೆ ಬಡಿಯುತ್ತದೆ. ಕಣಗಳಲ್ಲಿ ಅಡಿಕೆ ಹರವಿರುತ್ತಾರೆ, ಮೋಡ ಕಂಡರೆ ಇಡೀ ಮನೆಯೇ ಓಡಿಬರುತ್ತದೆ. ಹೆಂಗಸರು ಸಾಲಾಗಿ ಕುಳಿತು ಸುಲಿಯುತ್ತಾರೆ. ಯಾವ ಮಾತು ಆರಂಭವಾದರೂ ಕೊನೆಗೆ ಕ್ವಿಂಟಾಲಿಗೆ ರೇಟು ಎಷ್ಟು ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ನಾನು ಅಲ್ಲಿಗೆ ಹೋದದ್ದು ಊರು ನೋಡಲು ಅಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದುಡಿಯಲು ಗಲ್ಫಿಗೆ ಹೋಗಿದ್ದ. ನಾಲ್ಕು ತಿಂಗಳಿಂದ ಸಂಬಳವಿಲ್ಲ, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿದೆ ಎಂದು ಅವನ ತಾಯಿ ಫೋನಿನಲ್ಲಿ ಅತ್ತಿದ್ದರು. ಚಹಾ ತಂದು ಮುಂದಿಟ್ಟು ಆಕೆ ಕೇಳಿದರು:

"ಮಾಸ್ಟರ್ ಸಾಬ್, ಇಲ್ಲಿ ಏನಾದರೂ ಆದರೆ ಜಮಾಅತಿನವರಿದ್ದಾರೆ, ಪಂಚಾಯಿತಿ ಇದೆ. ಅಲ್ಲಿ ನಮ್ಮವರು ಯಾರಿದ್ದಾರೆ?"

"ಭಾರತದ ರಾಯಭಾರ ಕಚೇರಿ ಇದೆ ಆಪಾ" ಎಂದೆ.

"ಅದು ದಿಲ್ಲಿಯವರದಲ್ಲವಾ? ನಲ್ಲೂರು ಎಂದರೆ ಅವರಿಗೆ ಗೊತ್ತಾಗುತ್ತದಾ?"

ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಅವನ ದಾಖಲೆಗಳ ಜೆರಾಕ್ಸ್ ಚೀಲದಲ್ಲಿಟ್ಟುಕೊಂಡು ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಪ್ರಶ್ನೆಯೇ ಜೊತೆಗಿತ್ತು. ಹಲವು ನಾಡುಗಳು ಸೇರಿ ಒಂದೇ ರಾಯಭಾರ ಸೇವೆಯನ್ನು ಕಟ್ಟಿಕೊಂಡಾಗ, ಅದರಲ್ಲಿ ಸಣ್ಣ ಊರಿನ ಪಾಲೆಷ್ಟು?

ಈ ಮಣ್ಣಿಗೆ ರಾಯಭಾರ ಹೊಸದಲ್ಲ ಎಂಬುದನ್ನು ನೀವು ತಿಳಿಯಬೇಕು. ಚನ್ನಗಿರಿ ಸೀಮೆ ಕೆಳದಿ ಅರಸರಿಗೆ ಸೇರಿತ್ತು. ಊರಿನ ಹೆಸರನ್ನೇ ಜನ ರಾಣಿ ಚೆನ್ನಮ್ಮನ ಜೊತೆ ಸೇರಿಸಿ ಹೇಳುತ್ತಾರೆ. ಕೆಳದಿಯವರು ಗೋವೆಯ ಪೋರ್ಚುಗೀಸರೊಡನೆ ತಾವೇ ಕರಾರು ಮಾಡಿಕೊಳ್ಳುತ್ತಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದರು. ಅವರ ಮಗ ಟಿಪ್ಪು ಸುಲ್ತಾನರು 1786ರಲ್ಲಿ ಇಸ್ತಾಂಬುಲ್ಲಿಗೆ ದೂತರನ್ನು ಕಳುಹಿಸಿದರು. ರೋಗ ಮತ್ತು ಕಡಲಿನ ಅಪಘಾತಗಳಿಂದ ಆ ತಂಡದಲ್ಲಿ ಅನೇಕರು ದಾರಿಯಲ್ಲೇ ಸತ್ತರು. ಮರುವರ್ಷ ಫ್ರಾನ್ಸಿಗೆ ಹೊರಟ ಮೂವರು ದೂತರನ್ನು 1788ರ ಆಗಸ್ಟ್‌ನಲ್ಲಿ ಹದಿನಾರನೇ ಲೂಯಿ ದೊರೆ ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ. ಗೌರವ ಸಿಕ್ಕಿತು, ಬೇಡಿದ ಸೈನ್ಯ ಸಿಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲಿನ ಒಪ್ಪಂದದಲ್ಲಿ ಇಂಗ್ಲಿಷರು ಮೈಸೂರಿನ ಈ ಬಾಗಿಲನ್ನೇ ಮುಚ್ಚಿದರು. ಕಂಪನಿಗೆ ತಿಳಿಸದೆ ಹೊರಗಿನ ಯಾವ ರಾಜ್ಯಕ್ಕೂ ಮೈಸೂರು ಪತ್ರ ಬರೆಯುವಂತಿರಲಿಲ್ಲ.

1947ರ ಆಗಸ್ಟ್‌ನಲ್ಲಿ ಜಯಚಾಮರಾಜೇಂದ್ರ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದಾಗ ಮೈಸೂರು ಮೂರು ವಿಷಯಗಳನ್ನು ಒಕ್ಕೂಟಕ್ಕೆ ಒಪ್ಪಿಸಿತು: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಐನೂರಕ್ಕೂ ಹೆಚ್ಚು ಸಂಸ್ಥಾನಗಳು ಇದೇ ರೀತಿ ತಮ್ಮ ಹೊರಗಿನ ದನಿಯನ್ನು ಒಂದೇ ಕಡೆ ಸೇರಿಸಿದವು. ಅದಕ್ಕೂ ಮೊದಲೇ, 1946ರ ಅಕ್ಟೋಬರ್ 9ರಂದು, ಭಾರತೀಯ ವಿದೇಶಾಂಗ ಸೇವೆಯನ್ನು ಕಟ್ಟುವ ತೀರ್ಮಾನವಾಗಿತ್ತು. ನಮ್ಮ ಸಂವಿಧಾನದ ಕೇಂದ್ರ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ರಾಯಭಾರ, ಪಾಸ್‌ಪೋರ್ಟ್, ವೀಸಾಗಳ ಜೊತೆಗೆ ಇಪ್ಪತ್ತನೇ ನಮೂದಾಗಿ ಭಾರತದ ಹೊರಗಿನ ತೀರ್ಥಯಾತ್ರೆಯೂ ಅಲ್ಲಿದೆ. ನಲ್ಲೂರಿನ ಹಿರಿಯರೊಬ್ಬರು ಹಜ್ಜಿಗೆ ಹೋಗಿ ಮಿನಾದಲ್ಲಿ ದಾರಿ ತಪ್ಪಿದರೆ ಅವರ ಹೊಣೆ ಹೊರುವ ಜಿದ್ದಾದ ಭಾರತೀಯ ಕಾನ್ಸುಲೇಟ್ ಈ ಒಕ್ಕೂಟದ್ದೇ ಮನೆ.

ಯುರೋಪಿನವರು ಇದೇ ಕೆಲಸಕ್ಕೆ ಬಹಳ ತಡವಾಗಿ ಕೈಹಾಕಿದರು. 2003ರ ಇರಾಕ್ ಯುದ್ಧದಲ್ಲಿ ಬ್ರಿಟನ್, ಸ್ಪೇನ್ ಅಮೆರಿಕದ ಕಡೆ ನಿಂತವು, ಫ್ರಾನ್ಸ್, ಜರ್ಮನಿ ವಿರೋಧಿಸಿದವು. ಒಂದೇ ಒಕ್ಕೂಟದ ಮನೆಯಿಂದ ಎರಡು ದನಿ ಹೊರಟಿತು. ಲಿಸ್ಬನ್ ಒಪ್ಪಂದ 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಮೇಲೆ 2010ರ ಜುಲೈಯಲ್ಲಿ ಸದಸ್ಯ ದೇಶಗಳು ಸಮಾನ ರಾಯಭಾರ ಸೇವೆಯೊಂದಕ್ಕೆ ಒಪ್ಪಿದವು. ಬ್ರಿಟನ್ನಿನ ಕ್ಯಾಥರಿನ್ ಆಶ್ಟನ್ ಅದರ ಮೊದಲ ಮುಖ್ಯಸ್ಥೆ. ಬ್ರಿಟನ್ 2020ರಲ್ಲಿ ಒಕ್ಕೂಟದಿಂದಲೇ ಹೊರನಡೆಯಿತು. ಇಂದು 27 ದೇಶಗಳ ಪರವಾಗಿ ಈ ಸೇವೆಗೆ ದಿಲ್ಲಿಯೂ ಸೇರಿ ಜಗತ್ತಿನಲ್ಲಿ 140ಕ್ಕೂ ಹೆಚ್ಚು ಕಚೇರಿಗಳಿವೆ.

ಅದರ ರೀತಿ ನಮ್ಮದಕ್ಕಿಂತ ಬೇರೆ. ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘ ತುಮ್ಕೋಸನ್ನು ನೆನೆಯಿರಿ. ತೋಟ ಅವರವರದೇ. ಮಾಲನ್ನು ಸಂಘಕ್ಕೂ ಹಾಕಬಹುದು, ಹೊರಗಿನ ವ್ಯಾಪಾರಿಗೂ ಕೊಡಬಹುದು. ಯುರೋಪಿನ ದೇಶಗಳೂ ಹಾಗೆಯೇ, ಸಮಾನ ಸೇವೆಯನ್ನು ಕಟ್ಟಿದರೂ ತಮ್ಮ ಸ್ವಂತ ರಾಯಭಾರ ಕಚೇರಿಗಳನ್ನು ಮುಚ್ಚಲಿಲ್ಲ. ವಿದೇಶ ನೀತಿಯ ದೊಡ್ಡ ತೀರ್ಮಾನಗಳಿಗೆ ಇಂದಿಗೂ ಎಲ್ಲರ ಒಪ್ಪಿಗೆ ಬೇಕು, ಒಬ್ಬ ತಲೆಯಾಡಿಸದಿದ್ದರೆ ಮಾತು ನಿಲ್ಲುತ್ತದೆ. ಒಂದು ಒಳ್ಳೆಯ ಏರ್ಪಾಡು ಮಾತ್ರ ಅದಕ್ಕಿಂತ ಹಳೆಯದು. ತನ್ನ ದೇಶದ ಕಚೇರಿ ಇಲ್ಲದ ಕಡೆ ಯುರೋಪಿನ ಪ್ರಜೆ ಒಕ್ಕೂಟದ ಬೇರೆ ಯಾವುದೇ ದೇಶದ ಕಚೇರಿಗೆ ಹೋಗಿ ಅದರ ಸ್ವಂತ ಪ್ರಜೆಗೆ ಸಿಗುವಷ್ಟೇ ನೆರವನ್ನು ಕೇಳಬಹುದು. ಪುಟ್ಟ ಮಾಲ್ಟಾದವನಿಗೆ ಜರ್ಮನಿಯ ಬಾಗಿಲು ತೆರೆಯುತ್ತದೆ.

ಓದುಗರೇ, ನಲ್ಲೂರಿನ ತಾಯಿಯ ಪ್ರಶ್ನೆ ಅಲ್ಲಿಯೂ ಎದ್ದಿತ್ತು. ಮೊದಲ ನೇಮಕಾತಿಗಳಾದಾಗ, ಹಿರಿಯ ಹುದ್ದೆಗಳಲ್ಲಿ ನಮ್ಮವರು ಎಲ್ಲಿ ಎಂದು ಪೂರ್ವ ಯುರೋಪಿನ ಹೊಸ ಸದಸ್ಯರು ತಕರಾರು ತೆಗೆದರು. ಸೇವೆಯಲ್ಲಿ ಎಲ್ಲ ದೇಶದವರೂ ಕಣ್ಣಿಗೆ ಕಾಣುವಂತಿರಬೇಕು, ಅಧಿಕಾರಿಗಳಲ್ಲಿ ಮೂರನೇ ಒಂದು ಭಾಗವಾದರೂ ಸದಸ್ಯ ದೇಶಗಳ ರಾಯಭಾರ ಸೇವೆಗಳಿಂದ ಬಂದವರಾಗಿರಬೇಕು ಎಂದು ನಿಯಮದಲ್ಲೇ ಬರೆಯಬೇಕಾಯಿತು.

ನಮ್ಮ ಸೇವೆಯಲ್ಲಿ ಕನ್ನಡ ನಾಡಿನವರು ಇರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಹೆಣ್ಣು ಸರಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಆಗ ಇತ್ತು. ಬಡ್ತಿ ತಪ್ಪಿದಾಗ ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಸಮಾನ ಸೇವೆ ಎಂದ ಮಾತ್ರಕ್ಕೆ ಒಳಗೆ ಎಲ್ಲರೂ ಸಮಾನರಾಗಿಬಿಡುವುದಿಲ್ಲ. ಯಾರಾದರೂ ಒಬ್ಬರು ಕೇಳಬೇಕಾಗುತ್ತದೆ.

ಕೇಳದಿದ್ದರೆ ನಷ್ಟ ಯಾರಿಗೆ ಎಂಬುದನ್ನು ನಲ್ಲೂರಿನ ಅಡಿಕೆ ಕಣದಲ್ಲೇ ನೋಡಬಹುದು. 2022ರಲ್ಲಿ ಕೇಂದ್ರ ಸರಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತು. ನೆರೆಯ ದೇಶದ ಸ್ನೇಹ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಸ್ನೇಹದ ಲೆಕ್ಕದಲ್ಲಿ ಚನ್ನಗಿರಿಯ ಕಣವೂ ಒಂದು ಸಾಲಾಗಿರಬೇಕಲ್ಲವೇ? ಕರ್ನಾಟಕದ ಬೆಳೆಗಾರರು ದನಿಯೆತ್ತಿದರು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಕರ್ನಾಟಕ ಥಿಂಪುವಿಗೆ ತನ್ನ ದೂತನನ್ನು ಕಳುಹಿಸುವಂತಿಲ್ಲ. ಆ ಹಕ್ಕನ್ನು 1947ರಲ್ಲೇ ಕೊಟ್ಟಾಗಿದೆ. ಕೊಟ್ಟದ್ದು ತಪ್ಪೂ ಅಲ್ಲ. 1990ರಲ್ಲಿ ಕುವೈತ್ ಯುದ್ಧದ ಬಾಯಿಗೆ ಸಿಕ್ಕಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಮನೆಗೆ ಕರೆತಂದದ್ದು ಒಕ್ಕೂಟದ ಕೈ. ಮೈಸೂರೊಂದೇ ನಿಂತಿದ್ದರೆ ಅದು ಆಗುತ್ತಿತ್ತೇ? ಆದರೆ ದನಿಯನ್ನು ಒಂದು ಕಡೆ ಸೇರಿಸಿದವರು ಸುಮ್ಮನೆ ಕೂರಬಾರದು. ನಮ್ಮ ಮಾತು ಆ ದನಿಯೊಳಗೆ ಸೇರಿತೇ ಎಂದು ವಿಚಾರಿಸುತ್ತಲೇ ಇರಬೇಕು.

ನನ್ನ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ವಿದೇಶಾಂಗ ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿದೆವು, ಅವನೂ ಹೇಗೋ ಕಚೇರಿಯ ಕಿಟಕಿಗೆ ಹೋಗಿ ನಿಂತ. ಕಿಟಕಿಯೊಳಗಿದ್ದ ಅಧಿಕಾರಿ ಬಿಹಾರದವರು, ಕನ್ನಡ ಬಾರದು. ಇವನಿಗೆ ಇಂಗ್ಲಿಷ್ ಬಾರದು. ನಮ್ಮ ದಖನಿ ಉರ್ದುವಿನಲ್ಲೇ ಕೆಲಸ ನಡೆಯಿತು. ನಲ್ಲೂರು ಎಲ್ಲಿದೆ ಎಂದು ಅವರು ಕೇಳಿದರಂತೆ. ದಾವಣಗೆರೆ ಹತ್ತಿರ ಎಂದರೂ ತಿಳಿಯಲಿಲ್ಲ, ಬೆಂಗಳೂರು ಎಂದ ಮೇಲೆ ತಲೆಯಾಡಿಸಿದರು. ತಿಂಗಳೊಳಗೆ ಪಾಸ್‌ಪೋರ್ಟ್ ಕೈಗೆ ಬಂತು. ಬಾಕಿ ಸಂಬಳದಲ್ಲಿ ಎರಡು ತಿಂಗಳದ್ದು ಸಿಕ್ಕಿತು, ಇನ್ನೆರಡು ತಿಂಗಳದ್ದು ಇಂದಿಗೂ ಸಿಕ್ಕಿಲ್ಲ.

ನಿಮ್ಮ ಮನೆಯಿಂದಲೂ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ ಅವರ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಜೆರಾಕ್ಸ್ ಒಂದನ್ನು ತಪ್ಪದೆ ಮನೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿನ ಭಾರತೀಯ ಕಚೇರಿಯ ನಂಬರನ್ನು ಹೊರಡುವ ಮೊದಲೇ ಬರೆದುಕೊಳ್ಳಿ.

ಮೊನ್ನೆ ಮತ್ತೆ ನಲ್ಲೂರಿಗೆ ಹೋಗಿದ್ದೆ. ಮಗ ತೋಟದಲ್ಲಿದ್ದ. ಇನ್ನೊಂದು ವೀಸಾಕ್ಕೆ ಓಡಾಡುತ್ತಿದ್ದಾನೆ ಎಂದು ತಾಯಿ ಹೇಳಿದರು. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಒಂದು ಉದ್ದದ ನಂಬರು ಬರೆದಿತ್ತು. ಕೇಳಿದೆ. "ಅಲ್ಲಿನ ನಮ್ಮವರದ್ದು, ಮಾಸ್ಟರ್ ಸಾಬ್" ಎಂದರು.